ಅದು ನಾನಲ್ಲ ಎಂದು ಸಾಬೀತು ಮಾಡಬೇಕಿಲ್ಲ

ಫೋಟೊ ಒಂದು ಸಿಕ್ಕರೆ ಸಾಕು, ಎಐ ತಂತ್ರಾಂಶ ಅದರ ಬಟ್ಟೆ ಬದಲಿಸುತ್ತದೆ, ಬಟ್ಟೆಯನ್ನೇ ತೆಗೆಯುತ್ತದೆ, ಎಂದೂ ಹೋಗದ ಜಾಗದಲ್ಲಿ ಗುರುತಿಲ್ಲದವರ ಪಕ್ಕ ನಿಲ್ಲಿಸುತ್ತದೆ. ಹೀಗೆ ತಿರುಚಿದ ಚಿತ್ರ ಹರಿದಾಡತೊಡಗಿದರೆ ಮನೆಯವರು ಮೊದಲು ಮಾಡುವುದು, ಅದು ಸುಳ್ಳು ಎಂದು ನೆಂಟರಿಗೆ, ಕಾಲೇಜಿಗೆ, ವಾಟ್ಸ್‌ಆ್ಯಪ್ ಗುಂಪಿಗೆ ತಿಳಿಹೇಳುವ ಕೆಲಸ. ದೂರು ಕೊಡಬೇಕಾದ ಹೊತ್ತು ಅದರಲ್ಲೇ ಕಳೆದುಹೋಗುತ್ತದೆ. ಕಾನೂನು ಮೊದಲು ನೋಡುವುದು ಬೇರೆ ಎರಡು ಸಂಗತಿಗಳನ್ನು: ಚಿತ್ರದಲ್ಲಿರುವವರ ಗುರುತು ಹತ್ತುತ್ತದೆಯೇ, ಅವರ ಒಪ್ಪಿಗೆ ಇತ್ತೇ. ಅಸಲಿಯೋ ನಕಲಿಯೋ ಎಂಬುದು ಆಮೇಲಿನ ಮಾತು. ಈ ನಿಲುವು ಗಟ್ಟಿಯಾದದ್ದರಲ್ಲಿ ಚೆನ್ನೈನ ಪಾಲು ದೊಡ್ಡದು.

ಬೆಂಗಳೂರಿನ ಬಸ್ ಕಂಡಕ್ಟರ್ ಆಗಿದ್ದವರೆಂದು ನಾವೆಲ್ಲ ಬಲ್ಲ ರಜನಿಕಾಂತ್, ತಮ್ಮ ಹೆಸರು ಮತ್ತು ಶೈಲಿಯನ್ನು ಬಳಸಿಕೊಂಡ ಹಿಂದಿ ಚಿತ್ರವೊಂದರ ವಿರುದ್ಧ ಮದ್ರಾಸ್ ಹೈಕೋರ್ಟ್‌ಗೆ ಹೋಗಿದ್ದರು. 2015ರಲ್ಲಿ ನ್ಯಾಯಾಲಯ ಅವರ ಪರ ನಿಂತಿತು. ವ್ಯಕ್ತಿ ಯಾರೆಂದು ಜನರಿಗೆ ಗೊತ್ತಾಗುವಂತಿದ್ದರೆ, ಅದು ಸುಳ್ಳು ಅಥವಾ ಜನ ಮೋಸಹೋದರು ಎಂದು ತೋರಿಸಬೇಕಾದ ಅಗತ್ಯವಿಲ್ಲ ಎಂದಿತು. ಇದು ತಾರೆಯರ ಕಥೆ, ಹೆಸರಿಗೆ ಬೆಲೆಯಿರುವವರ ಹಕ್ಕು, ನಮಗೇನು ಬಂತು ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಖಾಸಗಿತನದ ಹಕ್ಕಿಗೆ ಪ್ರಸಿದ್ಧಿಯ ಷರತ್ತಿಲ್ಲ. ಚೆನ್ನೈನ ‘ನಕ್ಕೀರನ್’ ಪತ್ರಿಕೆಯ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನದ 21ನೇ ವಿಧಿಯೊಳಗೆ ಗುರುತಿಸಿತು; 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದು ಮೂಲಭೂತ ಹಕ್ಕು ಎಂದು ಸಾರಿತು. ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇನ್ನೊಂದು ವಾದ ಹೆಚ್ಚು ಜಾಣತನದ್ದು: ಚಿತ್ರದಲ್ಲಿರುವುದು ದೂರು ಕೊಟ್ಟ ಮಹಿಳೆಯ ದೇಹವೇ ಅಲ್ಲ, ಯಂತ್ರ ಕಲ್ಪಿಸಿದ್ದು, ಹಾಗಿರುವಾಗ ಆಕೆಗೆ ಅನ್ಯಾಯವಾದದ್ದು ಹೇಗೆ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಮಟ್ಟಿಗೆ ಈ ವಾದಕ್ಕೆ ಸ್ವಲ್ಪ ಬಲವಿದೆ, ಏಕೆಂದರೆ ಅದು ವ್ಯಕ್ತಿಯ ಖಾಸಗಿ ಅಂಗದ ಚಿತ್ರದ ಬಗ್ಗೆ ಮಾತಾಡುತ್ತದೆ. ಆದ್ದರಿಂದಲೇ ದೂರು ಅದೊಂದನ್ನೇ ನೆಚ್ಚಿಕೊಳ್ಳಬಾರದು. ಅಶ್ಲೀಲ ವಸ್ತುವನ್ನು ಪ್ರಕಟಿಸುವುದನ್ನೂ ರವಾನಿಸುವುದನ್ನೂ ಶಿಕ್ಷಿಸುವ 67 ಮತ್ತು 67ಎ ಸೆಕ್ಷನ್‌ಗಳು ಅದು ಕ್ಯಾಮೆರಾದಿಂದ ಬಂತೋ ಎಐಯಿಂದ ಬಂತೋ ಎಂದು ಕೇಳುವುದಿಲ್ಲ. ಮಾನ ಕಳೆಯಲು ಸುಳ್ಳು ವಿದ್ಯುನ್ಮಾನ ದಾಖಲೆ ಸೃಷ್ಟಿಸುವುದು ಭಾರತೀಯ ನ್ಯಾಯ ಸಂಹಿತೆಯ 336(4)ರಡಿ ಮೂರು ವರ್ಷದವರೆಗೆ ಶಿಕ್ಷೆಯಿರುವ ಅಪರಾಧ. ಇಲ್ಲಿ ಚಿತ್ರ ನಕಲಿ ಎಂಬುದೇ ಆರೋಪಿಯ ವಿರುದ್ಧ ಸಾಕ್ಷ್ಯವಾಗುತ್ತದೆ. ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿದ 2023ರ ಪ್ರಕರಣದಲ್ಲೂ ದೆಹಲಿ ಪೊಲೀಸರು ಹಳೆಯ ದಂಡ ಸಂಹಿತೆಯ ಇದೇ ಫೋರ್ಜರಿ ಸೆಕ್ಷನ್‌ಗಳನ್ನು ಹಾಕಿದ್ದರು. ಹಾಗಾದರೆ ವ್ಯಂಗ್ಯಚಿತ್ರಕ್ಕೂ ಕುತ್ತು ಬಂತೇ? ಇಲ್ಲ. ಕಮಲ್ ಹಾಸನ್ ಅವರ ಚಿತ್ರಗಳ ದುರ್ಬಳಕೆ ತಡೆದ 2026ರ ಜನವರಿಯ ಮಧ್ಯಂತರ ಆದೇಶದಲ್ಲಿ ಮದ್ರಾಸ್ ಹೈಕೋರ್ಟ್ ವಿಡಂಬನೆಯನ್ನು ಹೊರಗಿಟ್ಟಿದೆ. ರಾಜಕಾರಣಿಯನ್ನು ಗೇಲಿ ಮಾಡುವುದಕ್ಕೂ ಸಹಪಾಠಿಯನ್ನು ಬೆತ್ತಲೆ ಮಾಡುವುದಕ್ಕೂ ಇರುವ ಅಂತರ ತಿಳಿಯಲು ವಕೀಲರೇ ಬೇಕಿಲ್ಲ.

ನಿಜವಾದ ತೊಡಕು ಕಾನೂನಿನ ಕೊರತೆಯಲ್ಲ, ಹೊತ್ತು ಮೀರುವುದು. 2016ರಲ್ಲಿ, ಎಐ ಇನ್ನೂ ಮನೆಮಾತಾಗುವ ಮೊದಲೇ, ಸೇಲಂ ಜಿಲ್ಲೆಯ ಯುವತಿಯೊಬ್ಬಳು ತಿರುಚಿದ ಚಿತ್ರಗಳು ಫೇಸ್‌ಬುಕ್‌ನಲ್ಲಿ ಬಂದ ಕೆಲವೇ ದಿನಗಳಲ್ಲಿ ಜೀವ ಕಳೆದುಕೊಂಡಳು. ಮನೆಯವರು ದೂರು ಕೊಟ್ಟಿದ್ದರು. ಪೊಲೀಸರ ವಿಳಂಬ ಆಗ ದೊಡ್ಡ ಸುದ್ದಿಯಾಯಿತು. 2025ರ ಜುಲೈನಲ್ಲಿ ವಕೀಲೆಯೊಬ್ಬರ ಖಾಸಗಿ ದೃಶ್ಯಗಳ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್‌ನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವುಗಳನ್ನು 48 ಗಂಟೆಯೊಳಗೆ ತೆಗೆಸಲು ಕೇಂದ್ರಕ್ಕೆ ಆದೇಶಿಸಿದರು. ಪುರುಷ ಪೊಲೀಸರ ನಡುವೆ ಆಕೆಗೆ ಆ ದೃಶ್ಯ ತೋರಿಸಿ ಗುರುತಿಸುವಂತೆ ಮಾಡಿದ್ದನ್ನು ಕಟುವಾಗಿ ಟೀಕಿಸಿದರು. ಕೇಂದ್ರ ಸರ್ಕಾರ ಆಮೇಲೆ ಇಂಥ ದೂರುಗಳಿಗೆ ಕಾರ್ಯವಿಧಾನವನ್ನು ಹೊರಡಿಸಿತು.

ಆದ್ದರಿಂದ ಮೊದಲ ಗಂಟೆಯಲ್ಲಿ ಮಾಡಬೇಕಾದ್ದು ಸಾಕ್ಷ್ಯ ಉಳಿಸುವುದು. ಪೋಸ್ಟಿನ ಲಿಂಕ್, ಖಾತೆಯ ಹೆಸರು, ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಡಿ, ಫೋನಿನಲ್ಲಿ ಬಂದ ಮೂಲ ಸಂದೇಶ ಅಳಿಸಬೇಡಿ. ಚಿತ್ರದಲ್ಲಿರುವುದು ಮಕ್ಕಳಾದರೆ ಮಾತ್ರ ಪ್ರತಿ ಮಾಡಿಕೊಳ್ಳದೆ ಲಿಂಕ್ ಹಿಡಿದು ನೇರ ಪೊಲೀಸರ ಬಳಿ ಹೋಗಿ. ಕೂಡಲೇ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ತಿರುಚಿದ ಚಿತ್ರಗಳನ್ನೂ ಸೇರಿಸಿ ಇಂಥವನ್ನು ತೆಗೆಯಲು 24 ಗಂಟೆ ಕೊಟ್ಟಿದ್ದವು. 2026ರ ಫೆಬ್ರುವರಿ 20ರಿಂದ ಆ ಗಡುವು ಎರಡು ಗಂಟೆಗೆ ಇಳಿದಿದೆ. ಜಾಲತಾಣ ಒಪ್ಪದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಜೊತೆಗೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಸಹಾಯವಾಣಿ 1930. ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ವರದಿ ಮಾಡಬಹುದು.

ಚೆನ್ನೈನ ಹಾಸ್ಟೆಲಿನಲ್ಲಿರುವ ಕನ್ನಡತಿಯ ಚಿತ್ರ ತಿರುಚಿದವನು ಹಾಸನದಲ್ಲಿದ್ದಾನೆ ಎಂದು ಠಾಣೆ ಕೈಚೆಲ್ಲುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಾದರೂ ದೂರು ತೆಗೆದುಕೊಳ್ಳಬೇಕು. ಇ-ಮೇಲ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ನಿರಾಕರಿಸಿದರೆ ದೂರನ್ನು ಅಂಚೆಯಲ್ಲಿ ಮೇಲಧಿಕಾರಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ಇನ್ನು ಇಂಥ ಚಿತ್ರ ಗುಂಪಿನಲ್ಲಿ ನೋಡಿದವರಿಗೂ ಒಂದು ಮಾತು: ‘ಇದು ಸುಳ್ಳಂತೆ ನೋಡಿ’ ಎಂಬ ಒಕ್ಕಣೆ ಹಾಕಿಯೂ ಅದನ್ನು ಮುಂದಕ್ಕೆ ಕಳಿಸಬೇಡಿ, 67ನೇ ಸೆಕ್ಷನ್ ರವಾನಿಸಿದವರನ್ನೂ ಬಿಡುವುದಿಲ್ಲ.