ಲಾಗಿನ್ ಯಾರದು, ಲೆಕ್ಕ ಯಾರದು

ಮಾಗಡಿ, ಕುದೂರು, ಸೋಲೂರು, ತಿಪ್ಪಸಂದ್ರ ಕಡೆಯ ಅಂಗಡಿ, ಸಹಕಾರ ಸಂಘ, ಸಣ್ಣ ಕಾರ್ಖಾನೆಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಮೊದಮೊದಲು ಪ್ರಿಂಟರ್ ರಿಪೇರಿ, ಟ್ಯಾಲಿ ಹಾಕಿಕೊಡುವುದು, ಸಿಸಿಟಿವಿ ಜೋಡಿಸುವುದು, ಇಷ್ಟೇ ಇತ್ತು. ನೋಡನೋಡುತ್ತ ಹಾಲಿನ ಬಟವಾಡೆ, ಜಿಎಸ್‌ಟಿ, ಇ-ವೇ ಬಿಲ್, ಸಂಬಳ ಎಲ್ಲವೂ ಕಂಪ್ಯೂಟರಿಗೆ ಬಂದವು. ಅದರೊಳಗೆ ಯಾರು ಹೋಗಬಹುದು, ಎಲ್ಲಿಯವರೆಗೆ ಹೋಗಬಹುದು, ಹೋದವರ ಗುರುತು ಉಳಿಯುತ್ತದೆಯೇ ಎಂದು ಕೇಳುವುದನ್ನು ನಾನು ಬಹಳ ತಡವಾಗಿ ಕಲಿತೆ. ಭದ್ರತೆಯನ್ನು ಓದಿ ಬಂದವನಲ್ಲ. ಇಲ್ಲಿರುವುದರಲ್ಲಿ ಹೆಚ್ಚಿನದು ನನ್ನ ಕೈಯಲ್ಲೇ ಕೆಟ್ಟ ಕೆಲಸಗಳಿಂದ ತಿಳಿದದ್ದು. ನನ್ನನ್ನು ನಂಬಿ ಒಳಗೆ ಬಿಟ್ಟುಕೊಂಡವರ ಹೆಸರುಗಳನ್ನು ಬರೆದಿಲ್ಲ.

1. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಇರಲಿ

ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ಕಂಪ್ಯೂಟರ್ ಬಂದಾಗ ಸಾಫ್ಟ್‌ವೇರ್ ಹಾಕಿಕೊಟ್ಟವನು ನಾನೇ. ಒಂದೇ ಲಾಗಿನ್ ಮಾಡಿದೆ, ಅದೂ ‘ಅಡ್ಮಿನ್’. ಪಾಸ್‌ವರ್ಡ್ ಊರಿನ ಹೆಸರು, ಮುಂದೆ 123. ಮರೆಯದಿರಲೆಂದು ಮಾನಿಟರ್ ಅಂಚಿಗೆ ಚೀಟಿ ಅಂಟಿಸಿ ಬಂದೆ. ಬೆಳಿಗ್ಗೆ ಕಾರ್ಯದರ್ಶಿ, ಸಂಜೆ ಸಹಾಯಕ, ಜನ ಜಾಸ್ತಿಯಾದರೆ ಹಾಲು ಪರೀಕ್ಷೆ ಮಾಡುವ ಹೆಣ್ಣುಮಗಳು, ಅವರೂ ಇಲ್ಲದ ದಿನ ಕಾರ್ಯದರ್ಶಿಯ ಮಗ, ಎಲ್ಲರೂ ಆ ಚೀಟಿ ನೋಡಿಕೊಂಡೇ ಒಳಗೆ ಹೋಗುತ್ತಿದ್ದರು.

ಒಂದು ಬಟವಾಡೆಯಲ್ಲಿ ಕೆಲವು ಸದಸ್ಯರ ಲೀಟರ್ ಲೆಕ್ಕ ಕೈಚೀಟಿಗೆ ತಾಳೆಯಾಗಲಿಲ್ಲ. ಹಾಲು ಅಳೆದು ನಮೂದಿಸಿದ ಮೇಲೆ ಯಾರೋ ಅಂಕಿ ತಿದ್ದಿದ್ದರು. ಮೊತ್ತ ದೊಡ್ಡದಲ್ಲ. ಆದರೆ ಹಾಲಿನ ದರವೂ, ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನವೂ ಅದೇ ಅಂಕಿಯ ಮೇಲೆ ನಿಂತಿರುತ್ತವೆ. ನನ್ನನ್ನು ಕರೆಸಿದರು. ಯಾವ ದಿನ, ಎಷ್ಟು ಗಂಟೆಗೆ, ಯಾವ ಅಂಕಿ ಏನಾಯಿತು ಎಂಬುದೆಲ್ಲ ಸಾಫ್ಟ್‌ವೇರಿನಲ್ಲಿ ದಾಖಲಾಗಿತ್ತು. ಬದಲಾಯಿಸಿದವರ ಹೆಸರಿನ ಕಾಲಂನಲ್ಲಿ ಮಾತ್ರ ಮೇಲಿನಿಂದ ಕೆಳಗಿನವರೆಗೆ ‘ಅಡ್ಮಿನ್, ಅಡ್ಮಿನ್, ಅಡ್ಮಿನ್’.

ಅನುಮಾನ ಹೋಗಿ ನಿಂತದ್ದು ಹಾಲು ಪರೀಕ್ಷೆ ಮಾಡುವ ಹೆಣ್ಣುಮಗಳ ಮೇಲೆ. ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಕಡಿಮೆ ಸಂಬಳದವಳು, ಯಂತ್ರದ ಪಕ್ಕದಲ್ಲೇ ಕೂರುವವಳು. ‘ಅಣ್ಣಾ, ನಾನಲ್ಲ ಅಂತ ಆ ಕಂಪ್ಯೂಟರಿನಲ್ಲಿ ಎಲ್ಲಾದರೂ ಇದೆಯಾ ನೋಡಿ’ ಎಂದು ಆಕೆ ನನ್ನನ್ನು ಕೇಳಿದಳು. ಇರಲಿಲ್ಲ. ಇರಬೇಕಾಗಿತ್ತು, ಇಲ್ಲದಂತೆ ಮಾಡಿದವನು ನಾನು. ಆಕೆ ಕೆಲಸ ಬಿಟ್ಟಳು. ತಿದ್ದಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಈಗ ನಾನು ಎಲ್ಲಿ ಸಾಫ್ಟ್‌ವೇರ್ ಹಾಕಿದರೂ ಹೆಸರಿಗೊಂದು ಲಾಗಿನ್. ನಮೂದಿಸುವವರಿಗೆ ತಿದ್ದುವ ಅಧಿಕಾರ ಇರುವುದಿಲ್ಲ, ತಿದ್ದುವವರು ಕಾರಣ ಬರೆಯದೆ ಮುಂದೆ ಹೋಗುವಂತಿಲ್ಲ. ‘ನಮ್ಮ ಹುಡುಗರ ಮೇಲೇ ಅನುಮಾನವೇನಣ್ಣ?’ ಎಂದು ಎಲ್ಲ ಕಡೆಯೂ ಕೇಳುತ್ತಾರೆ. ಮುಖ ನೋಡಿಯೇ ಇಂಥವರ ಮನೆಯವನು ಎಂದು ಗುರುತಿಸುವ ಊರುಗಳಿವು, ಆ ಪ್ರಶ್ನೆ ಸಹಜ. ನಾನು ಆ ಹೆಣ್ಣುಮಗಳ ಕತೆ ಹೇಳುತ್ತೇನೆ. ಬೇರೆ ಲಾಗಿನ್ ಕೊಡುವುದು ಆ ಹುಡುಗನ ಸಲುವಾಗಿಯೇ, ನಾಳೆ ಅವನ ಮೇಲೆ ಮಾತು ಬಂದರೆ ತೋರಿಸಲು ಅವನಿಗೊಂದು ದಾಖಲೆ ಇರಲಿ ಎಂದು.

2. ಕೆಲಸ ಬಿಟ್ಟವರ ದಾರಿ ಅಂದೇ ಮುಚ್ಚಿ

ಒಂದು ಸಗಟು ಅಂಗಡಿಯ ಮಾಲೀಕರ ಹತ್ತಿರ ಆಗ ಇದ್ದದ್ದು ಕೀಪ್ಯಾಡ್ ಫೋನ್. ಜಿಎಸ್‌ಟಿ ನೋಂದಣಿ ಮಾಡುವಾಗ, ಹೇಗೂ ನೋಡಿಕೊಳ್ಳುವವನು ಅವನೇ ಎಂದು, ಲೆಕ್ಕ ಬರೆಯುವ ಹುಡುಗನ ಮೊಬೈಲ್ ನಂಬರನ್ನೇ ಕೊಟ್ಟೆ. ಇ-ಮೇಲೂ ಅವನದೇ. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಎಲ್ಲರಿಗೂ ಹೇಳಿ ನಗುನಗುತ್ತಲೇ ಹೋದ. ಮುಂದಿನ ತಿಂಗಳು 20ನೇ ತಾರೀಕು, ರಿಟರ್ನ್ ಸಲ್ಲಿಸುವ ಕೊನೆಯ ದಿನ, ಒಟಿಪಿ ಹೋದದ್ದು ಅವನ ಫೋನಿಗೆ. ಅವನು ರಾತ್ರಿ ಪಾಳಿ ಮುಗಿಸಿ ಮಲಗಿದ್ದ. ವಿಳಂಬ ಶುಲ್ಕ ಕಟ್ಟಿದ್ದು ಮಾಲೀಕರು. ಹುಡುಗನ ತಪ್ಪು ಎಳ್ಳಷ್ಟೂ ಇರಲಿಲ್ಲ.

ಬಿಟ್ಟುಹೋದವರು ದ್ವೇಷ ಸಾಧಿಸುತ್ತಾರೆ ಎಂದು ಹೆದರಬೇಕಾಗಿಲ್ಲ. ಆದರೆ ಅವರ ಫೋನ್ ಕಳೆದುಹೋಗುತ್ತದೆ, ಸಿಮ್ ಬದಲಾಗುತ್ತದೆ, ಆ ನಂಬರ್ ಕೆಲವು ತಿಂಗಳಲ್ಲಿ ಇನ್ಯಾರ ಕೈಗೋ ಹೋಗುತ್ತದೆ. ಹಾಗಾಗಿ ಕೊನೆಯ ಸಂಬಳ ಕೊಡುವ ದಿನವೇ ಜಿಎಸ್‌ಟಿ, ಬ್ಯಾಂಕ್, ಇ-ಮೇಲಿನ ರಿಕವರಿ ನಂಬರ್, ಸಿಸಿಟಿವಿ ಆ್ಯಪ್, ಅಂಗಡಿ ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸ್, ಎಲ್ಲವನ್ನೂ ಒಂದೊಂದಾಗಿ ನೋಡುತ್ತೇನೆ. ಇ-ವೇ ಬಿಲ್ ಜಾಲತಾಣದಲ್ಲಿ ಕೆಲಸಗಾರರಿಗೆ ಸಬ್-ಯೂಸರ್ ಲಾಗಿನ್ ಕೊಡುವ ಸೌಲಭ್ಯ ಇದೆ. 2025ರ ಏಪ್ರಿಲ್ 1ರಿಂದ ಸಣ್ಣ ವ್ಯಾಪಾರಿಗಳಿಗೂ ಅಲ್ಲಿ ಪಾಸ್‌ವರ್ಡಿನ ಜೊತೆ ಒಟಿಪಿ ಕಡ್ಡಾಯವಾದಾಗ, ಆ ಒಟಿಪಿ ಯಾರ ಫೋನಿಗೆ ಬರುತ್ತಿದೆ ಎಂದು ಮಾಗಡಿ ಪೇಟೆಯ ಎಷ್ಟೋ ಅಂಗಡಿಯವರು ಮೊದಲ ಸಲ ವಿಚಾರಿಸಿದರು.

3. ಬೆರಳಚ್ಚನ್ನು ಬದಲಾಯಿಸಲು ಆಗುವುದಿಲ್ಲ

ತಾಲ್ಲೂಕು ಕಚೇರಿಗಳ ಸುತ್ತಮುತ್ತ ಇರುವಂಥ ಒಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ನಿಧಾನವಾಗಿದೆ ಎಂದು ಕರೆದಿದ್ದರು. ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಕೊನೆಯೇ ಇಲ್ಲ: ಆಧಾರ್, ಪಾನ್, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ಕ್ರಯಪತ್ರ, ಮಕ್ಕಳ ಅಂಕಪಟ್ಟಿ. ಜನ ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ ಕಳಿಸಿ, ಪ್ರಿಂಟ್ ತೆಗೆಸಿಕೊಂಡು ಹೋಗುತ್ತಾರೆ, ಫೈಲು ಅಲ್ಲೇ ಉಳಿಯುತ್ತದೆ. ನಾನು ಆಗ ಮಾಡಿದ್ದೇನೆಂದರೆ, ಡಿಸ್ಕ್ ತುಂಬಿದೆ ಎಂದು ಅಷ್ಟನ್ನೂ ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿಕೊಟ್ಟೆ. ಅದನ್ನು ಇಡುವ ಅಧಿಕಾರ ನಮಗೆ ಇದೆಯೇ ಎಂಬ ಯೋಚನೆಯೇ ಬರಲಿಲ್ಲ.

2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ, ಒಟಿಪಿಯೂ ಬಾರದೆ, ಹಣ ಹೋದ ದೂರುಗಳು ಬಂದಾಗ ಎದೆ ಧಸಕ್ಕೆಂದಿತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಎಇಪಿಎಸ್‌ನಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಹಣ ತೆಗೆಯಬಹುದು. ಮೊದಲೆರಡು ಕ್ರಯಪತ್ರದಲ್ಲೇ ಸಿಗುವಂಥವು, ಅದರ ಮೇಲಿನ ಬೆರಳಚ್ಚನ್ನು ನಕಲು ಮಾಡಿದ್ದಾರೆ ಎಂಬುದು ಪೊಲೀಸರ ಅನುಮಾನವಾಗಿತ್ತು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಹೆಬ್ಬೆಟ್ಟನ್ನು ಹೇಗೆ ಬದಲಿಸುವುದು? ಎಇಪಿಎಸ್ ಬಂದದ್ದೇ ಹಳ್ಳಿಯ ವಯಸ್ಸಾದವರಿಗೆ ಮನೆ ಹತ್ತಿರ ಹಣ ಸಿಗಲಿ ಎಂದು. ಅದನ್ನು ಬೇಡ ಎನ್ನಲು ನನಗೆ ಮನಸ್ಸಿಲ್ಲ. ಬೇಕಾದಾಗ ಮಾತ್ರ ತೆರೆದು ಉಳಿದಂತೆ ಬಯೋಮೆಟ್ರಿಕ್ ಲಾಕ್ ಮಾಡಿಡುವುದನ್ನು ಹೇಳಿಕೊಡುತ್ತೇನೆ. ಆಧಾರಿನ ಆ್ಯಪ್‌ನಲ್ಲಿ ಅದು ಎರಡು ನಿಮಿಷದ ಕೆಲಸ. ಗುರುತಿಗಷ್ಟೇ ಬೇಕಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎನ್ನುತ್ತೇನೆ.

ಆ ಜೆರಾಕ್ಸ್ ಅಂಗಡಿಯಲ್ಲಿ ಈಗ ರಾತ್ರಿ ಬಾಗಿಲು ಹಾಕುವ ಮುನ್ನ ಫೋಲ್ಡರ್ ಖಾಲಿ ಮಾಡುತ್ತಾರೆ, ವಾಟ್ಸ್‌ಆ್ಯಪ್ ಲಾಗ್‌ಔಟ್ ಮಾಡುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಹಂತಹಂತವಾಗಿ ಜಾರಿಗೆ ಬರುತ್ತವೆ. ಸುರಕ್ಷತೆಗೆ ತಕ್ಕ ಕ್ರಮ ತೆಗೆದುಕೊಳ್ಳದಿದ್ದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಅಷ್ಟು ದೊಡ್ಡ ಅಂಕಿ ನಮ್ಮ ಅಂಗಡಿಗಳವರನ್ನು ಹೆದರಿಸುವುದಕ್ಕಷ್ಟೇ ಆದೀತು. ಆದರೆ ಕೆಲಸ ಮುಗಿದ ಮೇಲೆ ಪರರ ದಾಖಲೆ ಇಟ್ಟುಕೊಳ್ಳಬಾರದು ಎಂಬ ಅದರ ತಿರುಳು ಯಾರಿಗಾದರೂ ಅರ್ಥವಾಗುತ್ತದೆ.

4. ಜಂಟಿ ಸಹಿ ಫೋನಿನಲ್ಲೂ ಇರಲಿ

ಸಹಕಾರ ಸಂಘಗಳಿಗೆ ಈ ಪಾಠವನ್ನು ನಾನು ಹೇಳಬೇಕಾಗಿಯೇ ಇಲ್ಲ. ಚೆಕ್ಕಿಗೆ ಅಧ್ಯಕ್ಷರದೊಂದು, ಕಾರ್ಯದರ್ಶಿಯದೊಂದು ಸಹಿ ಎಂಬುದು ಅಲ್ಲಿ ಮೊದಲಿನಿಂದ ಬಂದ ಪದ್ಧತಿ. ನೆಟ್ ಬ್ಯಾಂಕಿಂಗ್ ಬಂದಾಗ ಅದನ್ನು ಕೆಡಿಸಿದವರು ನನ್ನಂಥವರು. ಬೇಗ ಆಗುತ್ತದೆ ಎಂದು ಒಂದೇ ಫೋನಿಗೆ ಎಲ್ಲ ಅಧಿಕಾರ ಜೋಡಿಸಿಕೊಟ್ಟೆವು. ಒಬ್ಬರು ಪಾವತಿ ನಮೂದಿಸಿ ಇನ್ನೊಬ್ಬರು ಒಪ್ಪಿಗೆ ಕೊಡುವ ಏರ್ಪಾಡು ಸಂಸ್ಥೆಗಳ ಖಾತೆಗೆ ಬ್ಯಾಂಕಿನಲ್ಲೇ ಸಿಗುತ್ತದೆ, ಅರ್ಜಿ ಕೊಟ್ಟು ಕೇಳಬೇಕು.

ಹಣ ಕಳಿಸುವ ಮುನ್ನ ಇನ್ನೊಮ್ಮೆ ಕೇಳುವುದೂ ಎರಡನೇ ಸಹಿಯಂತೆಯೇ. ಬಿಡದಿಯ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ಘಟಕಕ್ಕೆ, ಕಚ್ಚಾಮಾಲು ಕೊಡುವವರಿಂದ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಇ-ಮೇಲ್ ಬಂತು. ವಿಳಾಸದಲ್ಲಿ ಒಂದೇ ಅಕ್ಷರ ಬೇರೆ. ಘಟಕದವರು ನನಗೆ ತೋರಿಸಿದರು, ನಾನು ವೈರಸ್ ಇದೆಯೇ ಎಂದಷ್ಟೇ ನೋಡಿ ‘ಏನೂ ಇಲ್ಲ ಸಾರ್’ ಎಂದೆ. ಹಣ ಹೋಯಿತು. ಹಣ ಬೇರೆ ಖಾತೆ ಸೇರುವುದು ದೊಡ್ಡ ಕಡೆಯೂ ತಪ್ಪಿದ್ದಲ್ಲ. 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯಿಂದಲೇ ಸುಮಾರು 11.5 ಕೋಟಿ ರೂಪಾಯಿ ಬೇರೆಯವರ ಖಾತೆಗೆ ಹೋಗಿತ್ತು, ಅದು ಗುತ್ತಿಗೆದಾರರು ಇಟ್ಟ ಠೇವಣಿಯ ಹಣ. ಖಾತೆ ಸಂಖ್ಯೆ ಬದಲಾಯಿತು ಎಂದು ಯಾರು ಹೇಳಿದರೂ, ಮೊದಲಿನಿಂದ ನಮ್ಮ ಹತ್ತಿರ ಇರುವ ನಂಬರಿಗೆ ಫೋನ್ ಮಾಡಿ ಕೇಳದೆ ಬದಲಾಯಿಸಬಾರದು. ಅದೇ ಇ-ಮೇಲಿನಲ್ಲಿರುವ ನಂಬರಿಗೆ ಮಾಡಿದರೆ ಎತ್ತುವವರು ಆ ಮೋಸಗಾರರೇ.

5. ಎಲ್ಲರ ಪಾಸ್‌ವರ್ಡೂ ನನ್ನ ಹತ್ತಿರವೇ ಇತ್ತು

ಇದನ್ನು ಬರೆಯುವುದು ಕಷ್ಟ. ಪ್ರತಿ ಸಲ ಸೋಲೂರಿಗೋ ತಿಪ್ಪಸಂದ್ರಕ್ಕೋ ಗಾಡಿ ಓಡಿಸುವುದು ತಪ್ಪಲಿ ಎಂದು ಎಲ್ಲ ಗ್ರಾಹಕರ ಕಂಪ್ಯೂಟರಿಗೂ, ದೂರದಿಂದಲೇ ಅದನ್ನು ನಡೆಸಲು ಬಿಡುವ ಎನಿಡೆಸ್ಕ್ ಹಾಕಿದ್ದೆ, ಎಲ್ಲದಕ್ಕೂ ಒಂದೇ ಪಾಸ್‌ವರ್ಡ್. ಪಟ್ಟಿ ನನ್ನ ಫೋನಿನ ನೋಟ್ಸ್‌ನಲ್ಲಿ. ಒಂದು ದಿನ ಬಸ್ಸಿನಲ್ಲಿ ಫೋನ್ ಕಳೆದುಹೋಯಿತು. ಲಾಕ್ ಇತ್ತು, ಏನೂ ಆಗಲಿಲ್ಲ. ಆದರೆ ಅಂದು ರಾತ್ರಿ ಕೂತು ಪಾಸ್‌ವರ್ಡ್‌ಗಳನ್ನು ಬದಲಿಸುವಾಗ ಸತ್ಯ ಕಂಡಿತು. ಇಷ್ಟೂ ಅಂಗಡಿ, ಸಂಘಗಳಿಗೆ ಇರುವ ಅತಿ ದೊಡ್ಡ ಅಪಾಯ ನಾನೇ ಆಗಿದ್ದೆ. ಅವರಿಗೆ ಅದು ಗೊತ್ತೂ ಇರಲಿಲ್ಲ.

2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೊ ಸಂಸ್ಥೆಯಿಂದ ಸುಮಾರು 4.4 ಕೋಟಿ ಡಾಲರ್ ಕಳುವಾಯಿತು. ಬೆಂಗಳೂರು ಪೊಲೀಸರ ತನಿಖೆ ಹೋಗಿ ಮುಟ್ಟಿದ್ದು ಒಬ್ಬ ಉದ್ಯೋಗಿಯ ಲ್ಯಾಪ್‌ಟಾಪಿಗೆ. ಅಷ್ಟು ದೊಡ್ಡ ಸಂಸ್ಥೆಯ ಪಾಡು ಹಾಗಿರುವಾಗ ನಮ್ಮಲ್ಲಿ ಏನು ಲೆಕ್ಕ? ಈಗ ನಾನು ದೂರದಿಂದ ಒಳಗೆ ಬರಬೇಕಾದರೆ ಗ್ರಾಹಕರು ತಮ್ಮ ಪರದೆಯಲ್ಲಿ ‘ಅಕ್ಸೆಪ್ಟ್’ ಒತ್ತಬೇಕು, ಕೆಲಸ ಮುಗಿದ ಮೇಲೆ ಅವರೇ ಮುಚ್ಚುತ್ತಾರೆ. ಅಡ್ಮಿನ್ ಪಾಸ್‌ವರ್ಡನ್ನು ಬರೆದು ಲಕೋಟೆಯಲ್ಲಿಟ್ಟು, ಮೇಲೆ ಸಹಿ ಹಾಕಿ ಮಾಲೀಕರ ಬೀರುವಿನಲ್ಲಿ ಇಡಿಸುತ್ತೇನೆ. ನಾನು ಇಲ್ಲವಾದರೂ ಅವರ ಕೆಲಸ ನಿಲ್ಲಬಾರದು.

6. ಬ್ಯಾಕಪ್ ಬೇರೆ ಜಾಗದಲ್ಲಿರಲಿ

ಒಂದು ಕಡೆ ಟ್ಯಾಲಿಯ ಬ್ಯಾಕಪ್ಪನ್ನು ಅದೇ ಕಂಪ್ಯೂಟರಿನ ಡಿ ಡ್ರೈವಿಗೆ ಹೋಗುವಂತೆ ಮಾಡಿದ್ದೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದಾಗ ಸಿ, ಡಿ ಎರಡೂ ಒಟ್ಟಿಗೆ ಹೋದವು. ಬಿಲ್ ಪುಸ್ತಕ ನೋಡಿ ವರ್ಷದ ಲೆಕ್ಕವನ್ನು ಮತ್ತೆ ಕೂರಿಸಿದರು. ಈಗ ಎರಡು ಹಾರ್ಡ್ ಡಿಸ್ಕ್, ವಾರಕ್ಕೊಂದು ಮನೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ಅದರಿಂದ ಲೆಕ್ಕ ತೆರೆದು ನೋಡುತ್ತೇವೆ, ಏಕೆಂದರೆ ತೆರೆಯದ ಬ್ಯಾಕಪ್ ಎಷ್ಟೋ ಸಲ ಖಾಲಿಯೇ ಇರುತ್ತದೆ.

7. ಫಾರ್ಮ್ಯಾಟ್ ಮಾಡುವ ಮುನ್ನ 1930

ಹಿಂದೆಲ್ಲ ಏನೇ ಆದರೂ ನನ್ನ ಮೊದಲ ಮದ್ದು ಫಾರ್ಮ್ಯಾಟ್. ಹಣ ಕಳೆದುಕೊಂಡ ಒಬ್ಬರ ಕಂಪ್ಯೂಟರನ್ನು ಹಾಗೆ ‘ಸ್ವಚ್ಛ’ ಮಾಡಿ, ಪೊಲೀಸರಿಗೆ ಸಿಗಬೇಕಿದ್ದ ಸುಳಿವನ್ನೆಲ್ಲ ನಾನೇ ಅಳಿಸಿದ್ದೇನೆ. ಅವರು ನನಗೆ ಹೇಳಿದ್ದೂ ಮೂರನೇ ದಿನಕ್ಕೆ. ಊರಿನಲ್ಲಿ ಗೊತ್ತಾದರೆ ಮರ್ಯಾದೆ ಏನಾದೀತು ಎಂದು ಮನೆಯವರಿಗೂ ಹೇಳಿರಲಿಲ್ಲ.

ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ಮುಂದಿನ ಖಾತೆಗೆ ಹಾರುವ ಮೊದಲೇ ತಡೆಯುವ ಸಾಧ್ಯತೆ ಇದೆ. ಗಂಟೆ ಕಳೆದಂತೆ ಆ ಸಾಧ್ಯತೆ ಕುಗ್ಗುತ್ತದೆ. ಬ್ಯಾಂಕಿಗೂ ಲಿಖಿತ ದೂರು ಬೇಕು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂದಾದಲ್ಲಿ 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಮೇಲೆ ನಷ್ಟ ಹೊರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಸೈಬರ್ ದಾಳಿಯಾದರೆ ಸಂಸ್ಥೆಗಳು 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಆದೇಶ ಮಾಡಿದೆ. ನಮ್ಮ ರಾಮನಗರ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾದರೂ ನಮ್ಮ ಕಡೆಯವರು ಸೈಬರ್ ದೂರಿಗೆ ಹೋಗುವುದು ರಾಮನಗರದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಗೇ.

ಮಾನಿಟರ್ ಅಂಚಿಗೆ ಹಿಂದೆ ಪಾಸ್‌ವರ್ಡ್ ಅಂಟಿಸುತ್ತಿದ್ದ ನಾನು ಈಗ ಬೇರೆ ಚೀಟಿ ಅಂಟಿಸುತ್ತೇನೆ: ನೆಟ್ ಕೇಬಲ್ ತೆಗೆಯಿರಿ, ಕಂಪ್ಯೂಟರ್ ಆಫ್ ಮಾಡಬೇಡಿ, ಪರದೆಯ ಫೋಟೊ ತೆಗೆಯಿರಿ, 1930, ಬ್ಯಾಂಕು, ಆಮೇಲೆ ನನ್ನ ನಂಬರ್. ಕೆಳಗೆ ಇನ್ನೊಂದು ಸಾಲು ಬರೆಸುವಂತೆ ಮಾಲೀಕರನ್ನು ಕೇಳಿಕೊಳ್ಳುತ್ತೇನೆ, ಅದು ಅವರ ಕೈಬರಹದಲ್ಲೇ ಇರಬೇಕು: ‘ತಪ್ಪಾದರೆ ತಕ್ಷಣ ನನಗೆ ಹೇಳಿ, ಬೈಯುವುದಿಲ್ಲ.’ ಕೆಲವರು ಬರೆದುಕೊಡುತ್ತಾರೆ. ಕೆಲವರು ಇನ್ನೂ ಒಪ್ಪಿಲ್ಲ, ಹೋದಾಗಲೆಲ್ಲ ಕೇಳುತ್ತಲೇ ಇದ್ದೇನೆ.