ಗುಡ್ಡವೇರುವ ನಾಯಿಯ ಆರೋಗ್ಯ

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕನ್ನಡಿಗರಿಗೆ ಅಪರಿಚಿತವಲ್ಲ. ಕ್ರಿ. ಶ. 950ರ ಸುಮಾರಿನ ಈ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ವೀರ ಮಣಲೇರನು ಗಂಗ ದೊರೆ ಇಮ್ಮಡಿ ಬೂತುಗನಿಂದ ಬೇಡಿ ಪಡೆದದ್ದು ಹೊನ್ನನ್ನಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು. ಬೆಳತೂರಿನ ಪಡುವಣ ಗುಡ್ಡದಲ್ಲಿ ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು. ಹಂದಿಯೂ ನಾಯಿಯೂ ಒಟ್ಟಿಗೆ ಮಡಿದವು. ಇದನ್ನು ನಿಷ್ಠೆಯ ಸ್ಮಾರಕವೆಂದು ಕೊಂಡಾಡುವುದು ವಾಡಿಕೆ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಅದು ಒಂದು ಎಚ್ಚರಿಕೆಯೂ ಹೌದು. ಒಡೆಯನು ಮುಂದೆ ನಡೆಯುತ್ತಿರುವಷ್ಟು ಹೊತ್ತು ನಾಯಿ ತಾನಾಗಿ ಹಿಂದಿರುಗುವ ಪ್ರಾಣಿಯಲ್ಲ.

ಡೊಂಬಿವಿಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಗಳ ನಮ್ಮವರ ಮನೆಗಳಲ್ಲಿ ಈಗ ನಾಯಿ ಸಾಕುವವರು ಹಲವರು. ಮಳೆ ಬಿದ್ದೊಡನೆ ಗುಡ್ಡಗಳು ಹಸಿರಾಗುತ್ತವೆ. ಭಾನುವಾರ ಎಲ್ಲರೂ ಹೊರಡುವಾಗ ನಾಯಿಯನ್ನು ಬಿಟ್ಟುಹೋಗಲು ಮನಸ್ಸೊಪ್ಪದು. ಒಯ್ಯಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಮೂರನೆಯ ಮಹಡಿಯಿಂದ ಲಿಫ್ಟಿನಲ್ಲಿ ಇಳಿದು ಹತ್ತು ನಿಮಿಷ ತಿರುಗಾಡಿ ಬರುವ ನಾಯಿಯನ್ನು ಒಮ್ಮೆಗೇ ಚಂದೇರಿ ಗುಡ್ಡಕ್ಕೆ ಕರೆದೊಯ್ಯುವುದು ವಿವೇಕವಲ್ಲ.

ಮೊದಲು ನಾಯಿಯ ಶರೀರಧರ್ಮವನ್ನು ಅರಿಯಬೇಕು. ಮನುಷ್ಯನಿಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರುವ ಗ್ರಂಥಿಗಳು ಮುಖ್ಯವಾಗಿ ಪಾದದ ಅಡಿಯಲ್ಲಿವೆ. ಅವುಗಳಿಂದ ಮೈ ತಣಿಯುವುದು ಅತ್ಯಲ್ಪ. ಅದು ನಾಲಿಗೆ ಚಾಚಿ ಏದುಸಿರು ಬಿಡುತ್ತ, ಬಾಯಿ ಮತ್ತು ಶ್ವಾಸಮಾರ್ಗದ ತೇವವನ್ನು ಆವಿಯಾಗಿಸಿಯೇ ದೇಹದ ಕಾವನ್ನು ಹೊರಹಾಕಬೇಕು. ಗಾಳಿಯಲ್ಲೇ ತೇವ ತುಂಬಿದ್ದರೆ ಆವಿಯಾಗುವುದು ಹೇಗೆ? ಆದ್ದರಿಂದಲೇ ಮೋಡ ಕವಿದು ನಮಗೆ ಹಿತವೆನಿಸುವ ಮಳೆಗಾಲದ ದಿನ, ಮಳೆ ಬಿಟ್ಟು ಗಾಳಿ ನಿಂತ ಗಳಿಗೆಯಲ್ಲಿ, ಕಡಿದಾದ ಏರಿನಲ್ಲಿ ನಾಯಿಗೆ ಅಪಾಯ. ಬಿಸಿಲಿಲ್ಲವಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು. ಅಕ್ಟೋಬರ್ ತಿಂಗಳ ಸೆಕೆಯನ್ನಂತೂ ಹೇಳಬೇಕಾಗಿಲ್ಲ.

ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106ನ್ನು ಮುಟ್ಟಿದರೆ ಮಿದುಳು, ಮೂತ್ರಪಿಂಡ, ಕರುಳುಗಳಿಗೆ ಹಾನಿಯಾಗತೊಡಗುತ್ತದೆ. ಗುಡ್ಡದಲ್ಲಿ ಥರ್ಮಾಮೀಟರ್ ಹಿಡಿದು ನಡೆಯುವವರಾರು? ಲಕ್ಷಣಗಳನ್ನೇ ನೋಡಬೇಕು. ಮುಂದೆ ಓಡುತ್ತಿದ್ದ ನಾಯಿ ಹಿಂದೆ ಬೀಳುವುದು, ಸಿಕ್ಕಿದ ನೆರಳಲ್ಲೆಲ್ಲ ಮಲಗುವುದು, ನಾಲಿಗೆ ಅಗಲವಾಗಿ ಇಳಿಬೀಳುವುದು, ಜೊಲ್ಲು ಅಂಟಂಟಾಗುವುದು, ಒಸಡು ಕಡುಗೆಂಪಾಗುವುದು. ಇವು ಕಂಡಾಗಲೇ ನಿಲ್ಲಬೇಕು. ಕಾಲು ತಡವರಿಸಿ ವಾಂತಿಯಾದರೆ ಕಾಲ ಮೀರುತ್ತಿದೆಯೆಂದೇ ಅರ್ಥ. ಪಗ್, ಬುಲ್‌ಡಾಗ್ ಮೊದಲಾದ ಚಪ್ಪಟೆ ಮೂತಿಯ ತಳಿಗಳು ಇಂತಹ ನಡಿಗೆಗೆ ಯೋಗ್ಯವೇ ಅಲ್ಲ. ಅವುಗಳ ಶ್ವಾಸಮಾರ್ಗವೇ ಇಕ್ಕಟ್ಟು. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ, 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ತಳಿ, ತೆಳ್ಳನೆಯ ಮೈ, ಗಿಡ್ಡ ಕೂದಲಿನಿಂದಾಗಿ ಕಾವನ್ನು ಹೆಚ್ಚು ತಾಳಬಲ್ಲದು. ಆದರೂ ಓಡುವ ಹುಮ್ಮಸ್ಸೇ ಅದಕ್ಕೆ ಶತ್ರು.

ಕಾವು ಏರಿದ ನಾಯಿಯನ್ನು ಹೊತ್ತುಕೊಂಡು ವೈದ್ಯರಲ್ಲಿಗೆ ಓಡುವುದು ಸಹಜ. ಆದರೆ ಬದಲಾಪುರದ ಗುಡ್ಡದಿಂದ ಪರಳದ ಪ್ರಾಣಿ ಆಸ್ಪತ್ರೆ ಎಷ್ಟು ದೂರ! ಮೊದಲು ಅಲ್ಲಿಯೇ ತಣಿಸಿ, ಅನಂತರ ಒಯ್ಯಬೇಕು. ನೆರಳಿಗೆ ತಂದು, ಕೈಯಲ್ಲಿರುವ ನೀರನ್ನೆಲ್ಲ ಮೈಮೇಲೆ ಸುರಿದು, ಟೋಪಿಯಿಂದಲೋ ಪತ್ರಿಕೆಯಿಂದಲೋ ಗಾಳಿ ಬೀಸಬೇಕು. ಒದ್ದೆ ಟವೆಲನ್ನು ಹೊದಿಸಿ ಬಿಡುವುದು ತಪ್ಪು. ಅದು ಕಾವನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪವಾಗಿ ಕುಡಿಸಬಹುದು, ಬಲವಂತ ಬೇಡ. ಚೇತರಿಸಿಕೊಂಡಂತೆ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಲೇಬೇಕು. ಒಳಗಿನ ಹಾನಿ ಒಂದೆರಡು ದಿನಗಳ ಮೇಲೆ ಹೊರಬೀಳುವುದುಂಟು.

ಎಲ್ಲಿಗೆ ಹೋಗಬಹುದು? ಠಾಣೆಯ ಯೇವೂರು ಕಡೆಗೆ ಬೇಡ. ಅದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಕಾಡು; ಸಾಕುಪ್ರಾಣಿಗಳಿಗೆ ಉದ್ಯಾನದಲ್ಲಿ ಪ್ರವೇಶವಿಲ್ಲ, ಅಲ್ಲಿನ ಚಿರತೆಗಳಿಗೆ ನಾಯಿ ಪರಿಚಿತ ಆಹಾರ. ಮಲಂಗಗಡದ ಮೆಟ್ಟಿಲುಗಳಲ್ಲಿ ಯಾತ್ರಿಕರ ಸಂದಣಿ. ಅವರ ಭಾವನೆಗಳಿಗೂ ಮನ್ನಣೆಯಿರಲಿ. ನವಿ ಮುಂಬಯಿಯ ಪಾರ್ಸಿಕ್ ಗುಡ್ಡ ಅಭ್ಯಾಸಕ್ಕೆ ಒಳ್ಳೆಯದು. ಅಲ್ಲಿ ಬೆಳಗಿನ ನಡಿಗೆಯನ್ನು ವಾರವಾರಕ್ಕೆ ಹೆಚ್ಚಿಸುತ್ತ ಬಂದ ಮೇಲೆ, ಡಿಸೆಂಬರ್–ಜನವರಿಯ ತಂಪಿನಲ್ಲಿ ಚಂದೇರಿಯ ಬುಡದ ಕಾಡುದಾರಿಗೆ ಹೋಗಬಹುದು. ಗುಹೆಯ ಕೆಳಗಿನ ಸಡಿಲುಗಲ್ಲಿನ ಕಣಿವೆ ಬಂದಾಗ ನಾಯಿಯ ಯಾತ್ರೆ ಮುಗಿಯಿತೆಂದು ತಿಳಿಯಬೇಕು. ಜೊತೆಗಾರರಲ್ಲಿ ಒಬ್ಬರು ಅದರೊಡನೆ ಕೆಳಗೆ ಉಳಿಯುವುದೆಂದು ಮನೆಯಲ್ಲೇ ಗೊತ್ತುಮಾಡಿಕೊಂಡಿರಬೇಕು; ಅಲ್ಲಿಗೆ ಹೋದ ಮೇಲೆ ಯಾರೂ ಒಪ್ಪುವುದಿಲ್ಲ! ಕರಿಬಂಡೆ ಕಾದಿದೆಯೇ ಎಂದು ತಿಳಿಯಲು ಅಂಗೈಯ ಹಿಂಬದಿಯನ್ನು ಇಟ್ಟು ನೋಡಿ. ಏಳು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯ ಪಾದ ಸುಡುತ್ತದೆ. ಹಗ್ಗ ಕಳಚಬಾರದು. ಮರಾಠಿಯಲ್ಲಿ ‘ಫುರ್ಸೇ’ ಎನ್ನುವ ವಿಷದ ಹಾವು ಇಂತಹ ಕಲ್ಲುಸಂದಿಗಳಲ್ಲೇ ಇರುತ್ತದೆ.

ರೇಬೀಸ್ ಚುಚ್ಚುಮದ್ದಿನೊಂದಿಗೆ ಲೆಪ್ಟೊಸ್ಪೈರೋಸಿಸ್ ಲಸಿಕೆಯನ್ನೂ ವರ್ಷಕ್ಕೊಮ್ಮೆ ಹಾಕಿಸುವುದು ಅಗತ್ಯ. 2005ರ ಜುಲೈ 26ರ ಮಹಾಪೂರದ ತರುವಾಯ ಮುಂಬಯಿಯಲ್ಲಿ ಹರಡಿದ ಇಲಿಜ್ವರ ಇದೇ. ಗದ್ದೆಯ ನಿಂತ ನೀರನ್ನು ಕುಡಿದ ನಾಯಿಗೆ ಅದು ತಗಲಬಹುದು, ನಾಯಿಯ ಮೂತ್ರದಿಂದ ಮನೆಯವರಿಗೂ ಬರಬಹುದು. ಕುಡಿಯುವ ನೀರನ್ನು ನಾಯಿಯ ಪಾಲೆಂದು ಬೇರೆಯೇ ಒಯ್ಯಿರಿ.

ಮನೆಗೆ ಬಂದ ರಾತ್ರಿಯೇ ಕಿವಿಯ ಒಳಮಗ್ಗುಲು, ಬೆರಳುಗಳ ಸಂದು, ಕೊರಳಪಟ್ಟಿಯ ಅಡಿಗಳಲ್ಲಿ ಉಣ್ಣಿ ಕಚ್ಚಿದೆಯೇ ಎಂದು ದೀಪದ ಬೆಳಕಿನಲ್ಲಿ ಹುಡುಕಿ, ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಕೀಳಬೇಕು. ಮುಂದಿನ ಎರಡು ಮೂರು ವಾರಗಳಲ್ಲಿ ನಾಯಿ ಊಟ ಬಿಟ್ಟು ಮಂಕಾದರೆ, ಅಥವಾ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಗುಡ್ಡಕ್ಕೆ ಹೋಗಿಬಂದ ದಿನಾಂಕವನ್ನು ವೈದ್ಯರಿಗೆ ಮರೆಯದೆ ತಿಳಿಸಿರಿ.