ಮೊದಲ ಟ್ರ್ಯಾಕ್ಟರ್‌ಗೆ ಎಷ್ಟು ಎಚ್‌ಪಿ ಸಾಕು?

ಒಣಬೇಸಾಯವನ್ನು ನಂಬಿದ ಕುಟುಂಬವೊಂದು ಮಾಡುವ ಸಾಲಗಳಲ್ಲಿ ಮನೆ ಮತ್ತು ಮದುವೆಗಳ ಸಾಲದ ಸಾಲಿನಲ್ಲೇ ನಿಲ್ಲುವಷ್ಟು ದೊಡ್ಡದು ಮೊದಲ ಟ್ರ್ಯಾಕ್ಟರ್‌ನ ಸಾಲ. ಐದಾರು ವರ್ಷ ಕಂತು ಕಟ್ಟಬೇಕಾದ, ಹತ್ತು ವರ್ಷವಾದರೂ ದುಡಿಸಬೇಕಾದ ಈ ಯಂತ್ರದ ವಿಷಯದಲ್ಲಿ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಎಷ್ಟು ಎಚ್‌ಪಿಯದು ತರಬೇಕು ಎಂಬುದು. ಪ್ರಶ್ನೆ ಸರಿಯಾದದ್ದೇ, ಆದರೆ ಹೊಲದ ಮಣ್ಣು, ಹಿಂದೆ ಕಟ್ಟುವ ಸಲಕರಣೆ, ವರ್ಷಕ್ಕೆ ಯಂತ್ರ ಓಡುವ ಗಂಟೆಗಳು ಮತ್ತು ಬೆಳೆ ಕೈಕೊಟ್ಟ ವರ್ಷದಲ್ಲೂ ಕಂತು ಕಟ್ಟುವ ಶಕ್ತಿ, ಈ ನಾಲ್ಕನ್ನೂ ಲೆಕ್ಕ ಹಾಕಿದ ಮೇಲಷ್ಟೇ ಅದಕ್ಕೆ ಉತ್ತರ ಸಿಗುತ್ತದೆ. ಈ ಲೆಕ್ಕವನ್ನು ಪೂರ್ತಿ ಮಾಡಿದವರು ಬಹುತೇಕ ಒಂದೇ ತೀರ್ಮಾನಕ್ಕೆ ಬರುತ್ತಾರೆ: ವರ್ಷದ ಹೆಚ್ಚಿನ ಗಂಟೆಗಳ ಕೆಲಸಕ್ಕೆ ಸಾಕಾಗುವ ಎಂಜಿನ್ನನ್ನು ಕೊಳ್ಳಬೇಕು, ಅಪರೂಪಕ್ಕೆ ಬರುವ ಭಾರಿ ಕೆಲಸಕ್ಕೆ ಬಾಡಿಗೆ ಯಂತ್ರವನ್ನು ತರಬೇಕು.

ಕಲಬುರಗಿ ನಗರದಿಂದ ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ್ ದಾಟಿ ಕಮಲಾಪುರದವರೆಗೆ ಸಾಗಿದರೆ ಎರಡು ಬಗೆಯ ಬೇಸಾಯ ಕಾಣುತ್ತದೆ. ದಾರಿಯ ಬಹುಭಾಗ ಎರೆ ಭೂಮಿ. ಮಳೆ ಬಿದ್ದಾಗ ಹಿಗ್ಗಿ ಅಂಟಾಗುವ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುವ ಈ ಕರಿ ಮಣ್ಣೇ 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯ ನೆಲೆ. ಕಮಲಾಪುರದ ತಗ್ಗಿನಲ್ಲಿ ಕೆಂಪು ಮಣ್ಣು ಸಿಗುತ್ತದೆ, ಅಲ್ಲಿ ಅದೇ ಬಗೆಯ ಗುರುತು ಪಡೆದಿರುವ ಕೆಂಪು ಬಾಳೆಯ ತೋಟಗಳಿವೆ. ಎರೆ ಭೂಮಿ ಎಳೆಯುವ ಶಕ್ತಿಯನ್ನು ಬೇಡಿದರೆ, ಬಾಳೆಯ ಸಾಲು ಕಡಿಮೆ ಅಗಲವನ್ನು ಬೇಡುತ್ತದೆ. ಹೀಗಾಗಿ ಒಂದೇ ತಾಲ್ಲೂಕಿನ ಇಬ್ಬರು ರೈತರಿಗೆ ಒಂದೇ ಮಾದರಿ ಒಪ್ಪಬೇಕೆಂದಿಲ್ಲ.

ಎಚ್‌ಪಿ ಎಂದರೆ ಅಶ್ವಶಕ್ತಿ, ಅಂದರೆ 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಲು ಬೇಕಾದ ಶಕ್ತಿ. ಕೈಪಿಡಿಯಲ್ಲಿ ದೊಡ್ಡದಾಗಿ ಮುದ್ರಿಸುವುದು ಎಂಜಿನ್ನಿನ ಎಚ್‌ಪಿ. ಆದರೆ ರೋಟಾವೇಟರ್ ಅಥವಾ ರಾಶಿ ಯಂತ್ರವನ್ನು ತಿರುಗಿಸುವುದು ಹಿಂಬದಿಯ ಶಾಫ್ಟ್‌ನಲ್ಲಿ ದೊರೆಯುವ ಶಕ್ತಿ. ಇದನ್ನು ಪಿಟಿಒ ಶಕ್ತಿ ಎನ್ನುತ್ತಾರೆ, ಇದು ಸಾಮಾನ್ಯವಾಗಿ ಎಂಜಿನ್ ಶಕ್ತಿಯ ಶೇ 85ರ ಆಸುಪಾಸಿನಲ್ಲಿರುತ್ತದೆ. ನೇಗಿಲು ಎಳೆಯುವಾಗ ಚಕ್ರದ ಜಾರುವಿಕೆಯಲ್ಲಿ ಇನ್ನಷ್ಟು ಶಕ್ತಿ ಸೋರುವುದರಿಂದ ಸಡಿಲ ನೆಲದಲ್ಲಿ ಎಂಜಿನ್ ಶಕ್ತಿಯ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಎಳೆತಕ್ಕೆ ಉಳಿಯುತ್ತದೆ. ಸಿಸಿ ಎಂಬುದು ಸಿಲಿಂಡರುಗಳ ಒಟ್ಟು ಗಾತ್ರ, ಅದನ್ನು ಶಕ್ತಿಯ ಅಳತೆಯೆಂದು ಭಾವಿಸಬಾರದು. ಮಹೀಂದ್ರಾ 575 ಡಿಐ ನಾಲ್ಕು ಸಿಲಿಂಡರುಗಳ 2730 ಸಿಸಿ ಎಂಜಿನ್ನಿನಿಂದ 45 ಎಚ್‌ಪಿ ಕೊಟ್ಟರೆ, ಹೆಚ್ಚುಕಡಿಮೆ ಅದೇ ವರ್ಗದ ಸ್ವರಾಜ್ 744 ಎಫ್‌ಇ ಮೂರೇ ಸಿಲಿಂಡರುಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸಿಸಿ ಹೊಂದಿದೆ. ಎರಡೂ ಒಳ್ಳೆಯ ಎಂಜಿನ್‌ಗಳೇ. ಕೊಳ್ಳುವವರು ನೋಡಬೇಕಾದದ್ದು ಪಿಟಿಒ ಶಕ್ತಿ, ಕಡಿಮೆ ವೇಗದಲ್ಲೂ ಉಳಿಯುವ ತಿರುಗುಬಲವಾದ ಟಾರ್ಕ್, ಸಲಕರಣೆಯನ್ನು ಎತ್ತುವ ಹೈಡ್ರಾಲಿಕ್ ಸಾಮರ್ಥ್ಯ ಮತ್ತು ಗಂಟೆಗೆ ಉರಿಯುವ ಡೀಸೆಲ್. ಮಧ್ಯಪ್ರದೇಶದ ಬುಧನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ವರದಿಗಳಲ್ಲಿ ಇಂಥ ಅಳತೆಗಳು ದೊರೆಯುವುದರಿಂದ, ಮಾರಾಟಗಾರರಿಂದ ಆ ವರದಿಯನ್ನು ಕೇಳಿ ಪಡೆಯುವುದು ಕೊಳ್ಳುವವರ ಮೊದಲ ಕೆಲಸವಾಗಬೇಕು.

ಸಲಕರಣೆಗೆ ತಕ್ಕ ಶಕ್ತಿಯನ್ನು ಅಂದಾಜು ಮಾಡುವುದು ಕಷ್ಟವಲ್ಲ. ಎರಡು ಹಲಗೆಯ ಪಲ್ಟಿ ನೇಗಿಲು ತಲಾ 35 ಸೆಂ.ಮೀ. ಅಗಲ, 30 ಸೆಂ.ಮೀ. ಆಳ ಮಣ್ಣನ್ನು ಮಗುಚುತ್ತದೆ ಎಂದಿಟ್ಟುಕೊಂಡರೆ ಒಟ್ಟು ಕೊಯ್ತ 2100 ಚದರ ಸೆಂ.ಮೀ.; ಗಟ್ಟಿ ಎರೆ ಮಣ್ಣು ಪ್ರತಿ ಚದರ ಸೆಂ.ಮೀ.ಗೆ 0.8 ಕಿಲೋ ತಡೆ ಒಡ್ಡುತ್ತದೆ ಎಂದು ಹಿಡಿದರೆ ಎಳೆತ 1680 ಕಿಲೋ. ಗಂಟೆಗೆ 4 ಕಿ.ಮೀ. ವೇಗದಲ್ಲಿ ಅದಕ್ಕೆ ಸುಮಾರು 25 ಎಚ್‌ಪಿ ಎಳೆತದ ಶಕ್ತಿ ಬೇಕು, ಸೋರಿಕೆಯನ್ನು ಸೇರಿಸಿದರೆ ಎಂಜಿನ್ 45 ಎಚ್‌ಪಿಯದ್ದಾಗಿರಬೇಕು, ತುಸು ಮೀಸಲು ಬೇಕೆಂದರೆ 50. ಹರಗುವ ಕೆಲಸದ ಲೆಕ್ಕ ಬೇರೆ: ಒಂಬತ್ತು ಹಲ್ಲಿನ ಕಲ್ಟಿವೇಟರ್‌ನ ಪ್ರತಿ ಹಲ್ಲಿಗೆ 75 ಕಿಲೋ ಎಂದರೆ ಒಟ್ಟು 675 ಕಿಲೋ, ಗಂಟೆಗೆ 4.5 ಕಿ.ಮೀ. ವೇಗದಲ್ಲಿ 11 ಎಚ್‌ಪಿ ಎಳೆತ, ಎಂಜಿನ್ನಿನಲ್ಲಿ 20ರಿಂದ 21. ಐದು ಅಡಿ ರೋಟಾವೇಟರ್‌ಗೆ 35ರಿಂದ 40 ಎಚ್‌ಪಿ, ಆರು ಅಡಿಯದಕ್ಕೆ 45ರಿಂದ 50 ಎಚ್‌ಪಿ ರೂಢಿಯಲ್ಲಿರುವ ಅಳತೆ. ತೊಗರಿ ಹೊಲದ ಹರಗುವುದು, ಬಿತ್ತುವುದು, ಎಡೆ ಹೊಡೆಯುವುದು, ರಾಶಿ ಮಾಡುವುದು, ಕಾಳನ್ನು ಕಲಬುರಗಿಯ ನೆಹರೂ ಗಂಜ್‌ಗೆ ಸಾಗಿಸುವುದು, ಇವೆಲ್ಲ 40 ಎಚ್‌ಪಿ ಯಂತ್ರದಿಂದ ನಡೆಯುವ ಕೆಲಸಗಳು. ಅದಕ್ಕೆ ಮೀರಿದ್ದು ಆಳವಾದ ಪಲ್ಟಿ ಉಳುಮೆಯೊಂದೇ, ಅದೂ ಪ್ರತಿ ವರ್ಷ ಬೇಕಾಗುವುದಿಲ್ಲ.

ಇಲ್ಲಿಂದ ಹಣದ ಲೆಕ್ಕ ಶುರುವಾಗುತ್ತದೆ. ಯಂತ್ರ ಓಡಲಿ ಬಿಡಲಿ ತಗಲುವ ವೆಚ್ಚವನ್ನು ಸ್ಥಿರ ವೆಚ್ಚ ಎನ್ನುತ್ತಾರೆ. ಹತ್ತು ವರ್ಷದ ಆಯುಷ್ಯ ಮತ್ತು ಕೊನೆಗೆ ಉಳಿಯುವ ಶೇ 10ರ ಬೆಲೆ ಎಂದು ಹಿಡಿದರೆ ವರ್ಷದ ಸವಕಳಿ, ಅಂದರೆ ಹಳತಾದಂತೆ ಕಳೆದುಹೋಗುವ ಬೆಲೆ, ಕೊಂಡ ಬೆಲೆಯ ಶೇ 9 ಆಗುತ್ತದೆ. ಸರಾಸರಿ ಬಂಡವಾಳದ ಮೇಲೆ ಶೇ 10ರ ಬಡ್ಡಿ ಎಂದರೆ ಬೆಲೆಯ ಶೇ 5.5, ವಿಮೆ, ಶೆಡ್ಡು, ಕಾಗದಪತ್ರಕ್ಕೆ ಶೇ 2. ಒಟ್ಟು ಶೇ 16.5. ಆರೂವರೆ ಲಕ್ಷದ 40 ಎಚ್‌ಪಿ ಯಂತ್ರಕ್ಕೆ ಇದು ವರ್ಷಕ್ಕೆ 1,07,250 ರೂಪಾಯಿ, ಎಂಟೂವರೆ ಲಕ್ಷದ 50 ಎಚ್‌ಪಿ ಯಂತ್ರಕ್ಕೆ 1,40,250 ರೂಪಾಯಿ. ಆ ಹೆಚ್ಚುವರಿ 33,000 ರೂಪಾಯಿಯನ್ನು ಪಲ್ಟಿ ಬಾಡಿಗೆಯ ಪಕ್ಕದಲ್ಲಿಟ್ಟು ನೋಡಬೇಕು. ಹನ್ನೆರಡು ಎಕರೆ ಹೊಲಕ್ಕೆ ಮೂರು ವರ್ಷಕ್ಕೊಮ್ಮೆ, ಎಕರೆಗೆ 2,500 ರೂಪಾಯಿಯಂತೆ ಬಾಡಿಗೆ ಕೊಟ್ಟರೆ 30,000 ರೂಪಾಯಿ, ಅಂದರೆ ವರ್ಷಕ್ಕೆ 10,000 ಮಾತ್ರ. ದೊಡ್ಡ ಎಂಜಿನ್ ಹಗುರ ಕೆಲಸದಲ್ಲಿ ಗಂಟೆಗೆ ಒಂದೇ ಲೀಟರ್ ಡೀಸೆಲ್ ಹೆಚ್ಚು ಕುಡಿದರೂ, 600 ಗಂಟೆಗೆ, ಲೀಟರಿಗೆ 90 ರೂಪಾಯಿಯಂತೆ 54,000 ರೂಪಾಯಿ ಬೇರೆ ಹೋಗುತ್ತದೆ.

ಸ್ಥಿರ ವೆಚ್ಚವನ್ನು ಗಂಟೆಗಳ ಮೇಲೆ ಹಂಚಿದಾಗ ಮಾತ್ರ ಅದರ ನಿಜವಾದ ಭಾರ ತಿಳಿಯುತ್ತದೆ. ಹನ್ನೆರಡು ಎಕರೆಗೆ ಎಕರೆಗೆ ಏಳು ಗಂಟೆಯಂತೆ ಸ್ವಂತ ಕೆಲಸ 84 ಗಂಟೆ. ಅಷ್ಟರಲ್ಲೇ ಯಂತ್ರ ನಿಂತರೆ 40 ಎಚ್‌ಪಿ ಟ್ರ್ಯಾಕ್ಟರ್‌ನ ಸ್ಥಿರ ವೆಚ್ಚವೇ ಗಂಟೆಗೆ 1,277 ರೂಪಾಯಿ ಬೀಳುತ್ತದೆ, ಡೀಸೆಲ್ ಮತ್ತು ಚಾಲಕನ ಕೂಲಿ ಅದರ ಮೇಲೆ. ಅದೇ ಯಂತ್ರ 600 ಗಂಟೆ ದುಡಿದರೆ 179 ರೂಪಾಯಿ, 1000 ಗಂಟೆ ದುಡಿದರೆ 107 ರೂಪಾಯಿ. ಸಣ್ಣ ಮತ್ತು ಮಧ್ಯಮ ಹಿಡುವಳಿಯಲ್ಲಿ ಟ್ರ್ಯಾಕ್ಟರ್ ಉಳಿಯುವುದು ಬಾಡಿಗೆ ಕೆಲಸದಿಂದಲೇ; ಆದ್ದರಿಂದ ಊರಿನಲ್ಲಿ ಈಗಾಗಲೇ ಎಷ್ಟು ಟ್ರ್ಯಾಕ್ಟರ್‌ಗಳಿವೆ, ಅವುಗಳಲ್ಲಿ ಯಾವ ಸಲಕರಣೆ ಇಲ್ಲ, ಯಾವ ತಿಂಗಳಲ್ಲಿ ಜನ ಯಂತ್ರಕ್ಕಾಗಿ ಕಾಯುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳದೆ ಎಚ್‌ಪಿ ನಿರ್ಧರಿಸುವುದು ಸರಿಯಲ್ಲ. ಪಲ್ಟಿ ಉಳುಮೆಗೇ ಊರೆಲ್ಲ ಕಾಯುತ್ತಿದ್ದು, ಅದಕ್ಕೆ ಖಚಿತ ಗಿರಾಕಿಗಳಿದ್ದರೆ 50 ಎಚ್‌ಪಿ ಸಮರ್ಥನೀಯ. ಆಗ ಭಾರಿ ಕೆಲಸವೇ ಹೆಚ್ಚಿನ ಗಂಟೆಗಳ ಕೆಲಸವಾಗಿ ಬದಲಾಗುತ್ತದೆ.

ಮಹಾಗಾಂವ್ ಕಡೆ ಎರೆ ಹೊಲವನ್ನೂ ಕಮಲಾಪುರದ ತಗ್ಗಿನಲ್ಲಿ ಸಣ್ಣ ಬಾಳೆ ತೋಟವನ್ನೂ ಹೊಂದಿರುವ ಪ್ರಸ್ತುತ ಲೇಖಕನ ಕುಟುಂಬ ಇದೇ ದಾರಿಯಲ್ಲಿ ತನ್ನ ಆಯ್ಕೆ ಮಾಡಿತು. ಟ್ರ್ಯಾಕ್ಟರ್ ಕೊಳ್ಳುವ ಮೊದಲು ಒಂದು ಪೂರ್ತಿ ಹಂಗಾಮು ಬಾಡಿಗೆ ಯಂತ್ರದಲ್ಲೇ ಕೆಲಸ ನಡೆಸಿ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು, ಎಷ್ಟು ಹಣ ಹೋಯಿತು ಎಂಬುದನ್ನು ದಿನಚರಿಯಲ್ಲಿ ಬರೆದಿಡಲಾಯಿತು. ಗಂಟೆಗಳೆಲ್ಲ ಮುಂಗಾರಿನ ಆರಂಭಕ್ಕೂ ಡಿಸೆಂಬರ್-ಜನವರಿಯ ರಾಶಿಗೂ ಗುಂಪುಗಟ್ಟುತ್ತವೆ ಎಂಬುದು ಆ ಪುಟಗಳಿಂದ ಸ್ಪಷ್ಟವಾಯಿತು. ನಂತರ ಆಯ್ದದ್ದು 40 ಎಚ್‌ಪಿ ವರ್ಗದ ಯಂತ್ರ, ಅದನ್ನೂ ಶೋರೂಮಿನ ಅಂಗಳದಲ್ಲಿ ನೋಡಿ ಮುಗಿಸದೆ, ಹಸಿ ಆರಿದ ಸ್ವಂತ ಹೊಲದಲ್ಲಿ ಸ್ವಂತ ಕಲ್ಟಿವೇಟರ್ ಕಟ್ಟಿ ಓಡಿಸಿ ನೋಡಿದ ಮೇಲೆ. ಪಲ್ಟಿ ಕೆಲಸ ಇಂದಿಗೂ ಬಾಡಿಗೆಯಲ್ಲೇ ನಡೆಯುತ್ತದೆ. ಮೀಟರ್‌ನ ಗಂಟೆ, ಹಾಕಿದ ಡೀಸೆಲ್, ಬಂದ ಬಾಡಿಗೆ, ಈ ಮೂರನ್ನು ಸಂಜೆ ಬರೆಯುವ ರೂಢಿಯಿಂದ ಯಾವ ಕೆಲಸ ಲಾಭದ್ದು, ಯಾವುದು ಬರೀ ಓಡಾಟ ಎಂಬುದು ಕುಟುಂಬಕ್ಕೆ ತಿಳಿಯುತ್ತ ಬಂದಿದೆ. ಸಮೀಪದ ಹೊಲಗಳ ಬಿತ್ತನೆ ಹಣ ಉಳಿಸಿಕೊಡುತ್ತದೆ. ದೂರದೂರಿನ ಚಿಲ್ಲರೆ ಕೆಲಸದಲ್ಲಿ ದಾರಿಯ ಡೀಸೆಲ್ಲೇ ಗಳಿಕೆಯನ್ನು ತಿನ್ನುತ್ತದೆ.

ಬಾಳೆ ತೋಟವೇ ಮುಖ್ಯವಾದವರಿಗೆ ಉತ್ತರ ಬೇರೆ. ನಲವತ್ತೈದು ಎಚ್‌ಪಿ ಯಂತ್ರದ ಅಗಲ ಐದೂವರೆ ಅಡಿಯ ಸುತ್ತಮುತ್ತ ಇರುವುದರಿಂದ ಆರಡಿ ಸಾಲಿನಲ್ಲಿ ಅದು ಎಲೆಗಳನ್ನು ಹರಿದು ಕಂದುಗಳನ್ನು ತುಳಿಯುತ್ತದೆ. 24 ಎಚ್‌ಪಿಯ ಮಹೀಂದ್ರಾ ಜೀವೋ 245 ಅಥವಾ 27 ಎಚ್‌ಪಿಯ ಕುಬೋಟಾ ನಿಯೋಸ್ಟಾರ್ ಬಿ2741 ಮಾದರಿಗಳು ನಾಲ್ಕಡಿಯೊಳಗಿನ ಅಗಲದಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುತ್ತವೆ. ಇನ್ನೊಂದು ತುದಿಯಲ್ಲಿ 50 ಎಚ್‌ಪಿ ಎಂಬುದು ನಿಯಮದ ಗಡಿಯೂ ಹೌದು. 2023ರ ಜನವರಿ 1ರಿಂದ 50 ಎಚ್‌ಪಿಗೂ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಎಂಬ ಹೊಗೆ ನಿಯಂತ್ರಣ ಮಾನದಂಡ ಅನ್ವಯವಾಗಿದ್ದು, ಅದನ್ನು ಪಾಲಿಸಲು ಕಾಮನ್ ರೇಲ್ ಎಂಬ, ಇಂಧನವನ್ನು ಎಲೆಕ್ಟ್ರಾನಿಕ್ ನಿಯಂತ್ರಣದಲ್ಲಿ ಚಿಮ್ಮಿಸುವ ವ್ಯವಸ್ಥೆ ಬಂದಿದೆ. ಅದು ಗಾಳಿಗೂ ಒಳ್ಳೆಯದು, ಎಂಜಿನ್ನಿಗೂ ಒಳ್ಳೆಯದು. ಆದರೆ ಬೆಲೆ ಏರಿಸುತ್ತದೆ ಮತ್ತು ಕೆಟ್ಟಾಗ ಊರ ಮೆಕ್ಯಾನಿಕ್ ಬದಲು ನಗರದ ಸರ್ವಿಸ್ ಕೇಂದ್ರವನ್ನು ಅವಲಂಬಿಸುವಂತೆ ಮಾಡುತ್ತದೆ. ಬಿತ್ತನೆಯ ಹದ ನಾಲ್ಕು ದಿನದಲ್ಲಿ ತಪ್ಪಿಹೋಗುವ ಎರೆ ಭೂಮಿಯಲ್ಲಿ, ಕಮಲಾಪುರಕ್ಕೆ ಅದೇ ದಿನ ಬಿಡಿಭಾಗ ತಲುಪುವ ಮಾದರಿಗೆ ಎರಡು ಎಚ್‌ಪಿ ಹೆಚ್ಚಿರುವ ಮಾದರಿಗಿಂತ ಮೌಲ್ಯ ಹೆಚ್ಚು.

ಬೆಲೆಯ ವಿಷಯದಲ್ಲಿ ಒಂದು ಅನುಕೂಲ ಒದಗಿದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದ್ದು, ತೆರಿಗೆಗೆ ಮುನ್ನ ಆರು ಲಕ್ಷ ಬೆಲೆಯ ಯಂತ್ರಕ್ಕೆ 42,000 ರೂಪಾಯಿ ಉಳಿಯುತ್ತದೆ. ಈ ಉಳಿತಾಯವನ್ನು ದೊಡ್ಡ ಎಂಜಿನ್ನಿಗೆ ಸುರಿಯದೆ ಮುಂಗಡಕ್ಕೆ ಸೇರಿಸಿದರೆ ಸಾಲ ಅಷ್ಟರಮಟ್ಟಿಗೆ ಇಳಿಯುತ್ತದೆ. ಸಾಲದ ಬಡ್ಡಿಯಲ್ಲೂ ಎರಡು ಬಗೆ ಇವೆ: ತೀರಿಸಿದಂತೆ ಇಳಿಯುವ ಬಾಕಿಯ ಮೇಲೆ ಮಾತ್ರ ಹಾಕುವ ಬಡ್ಡಿ ಒಂದು, ಕೊನೆಯವರೆಗೂ ಮೂಲ ಸಾಲದ ಪೂರ್ತಿ ಮೊತ್ತದ ಮೇಲೆ ಹಾಕುವ ಫ್ಲಾಟ್ ಬಡ್ಡಿ ಇನ್ನೊಂದು. ಆರು ಲಕ್ಷ ಸಾಲವನ್ನು ಐದು ವರ್ಷದಲ್ಲಿ ಹತ್ತು ಅರ್ಧವಾರ್ಷಿಕ ಕಂತುಗಳಲ್ಲಿ ತೀರಿಸುವಾಗ, ಇಳಿಯುವ ಬಾಕಿಯ ಮೇಲೆ ಶೇ 10 ಎಂದರೆ ಕಂತು ಸುಮಾರು 77,700 ರೂಪಾಯಿ; ಫ್ಲಾಟ್ ಶೇ 8 ಎಂದರೆ 84,000 ರೂಪಾಯಿ. ಕೇಳಲು ಕಡಿಮೆಯಾದ ದರದಲ್ಲಿ ಒಟ್ಟು ಸುಮಾರು 63,000 ರೂಪಾಯಿ ಹೆಚ್ಚು ಹೋಗುತ್ತದೆ, ಆದ್ದರಿಂದ ದರವನ್ನು ಕೇಳುವ ಬದಲು ಕಟ್ಟಬೇಕಾದ ಒಟ್ಟು ಮೊತ್ತವನ್ನು ಬರೆಸಿಕೊಳ್ಳಬೇಕು.

ಕೊನೆಯ ಪರೀಕ್ಷೆ ಕೆಟ್ಟ ವರ್ಷದ್ದು. ವರ್ಷಕ್ಕೆ 1,55,400 ರೂಪಾಯಿ ಕಂತು ಎಂದರೆ, 2025-26ರ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 8,000 ರೂಪಾಯಿಯಲ್ಲಿ ಹತ್ತೊಂಬತ್ತೂವರೆ ಕ್ವಿಂಟಲ್ ತೊಗರಿ. ಎಕರೆಗೆ ನಾಲ್ಕು ಕ್ವಿಂಟಲ್ ಇಳುವರಿ ಎಂದರೆ ಸುಮಾರು ಐದು ಎಕರೆಯ ಇಡೀ ಫಸಲು. ತೊಗರಿಯ ಹಣ ಜನವರಿ-ಫೆಬ್ರುವರಿಯಲ್ಲಿ ಮಾತ್ರ ಬರುವುದರಿಂದ, ಬೇಸಿಗೆಯ ನಂತರದ ಕಂತಿನ ಹಣವನ್ನೂ ಆಗಲೇ ತೆಗೆದಿಡಬೇಕಾಗುತ್ತದೆ. ಇದೇ ಜಿಲ್ಲೆ 2022ರ ಹಂಗಾಮಿನಲ್ಲಿ ನೆಟೆ ರೋಗವನ್ನು, 2023ರಲ್ಲಿ ಬರವನ್ನು, 2025ರಲ್ಲಿ ಅತಿವೃಷ್ಟಿಯನ್ನು ಕಂಡಿದೆ. ಐದು ವರ್ಷದ ಸಾಲದ ಅವಧಿಯಲ್ಲಿ ಎರಡು ವರ್ಷವಾದರೂ ಫಸಲು ಅರ್ಧಕ್ಕಿಳಿಯುತ್ತದೆ ಎಂದು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿವೇಕ. ಅಂಥ ವರ್ಷದಲ್ಲಿ ಬಾಡಿಗೆಯ ಗಳಿಕೆಯೂ ಕುಗ್ಗುವುದರಿಂದ, ಒಂದು ವರ್ಷದ ಕಂತಿನಷ್ಟು ಹಣವನ್ನು ಠೇವಣಿಯಾಗಿ ಬದಿಗಿಟ್ಟ ಮೇಲೆ ಉಳಿಯುವ ಶಕ್ತಿಗೆ ಎಷ್ಟು ದೊಡ್ಡ ಸಾಲ ಒಗ್ಗುತ್ತದೆಯೋ, ಎಂಜಿನ್ನಿನ ಗಾತ್ರಕ್ಕೆ ಅದೇ ಮೇಲ್ಮಿತಿ.

ಆ ಮಿತಿಯೊಳಗೆ ಸೂಕ್ತ ಯಂತ್ರ ಸಿಗದಿದ್ದರೆ ಕೊಳ್ಳುವುದನ್ನು ಒಂದು ವರ್ಷ ಮುಂದೂಡುವುದರಲ್ಲಿ ಯಾವ ಕೀಳರಿಮೆಯೂ ಬೇಕಿಲ್ಲ. ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿವೆ, ಸಲಕರಣೆಗಳ ಸಹಾಯಧನದ ವಿವರ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ದೊರೆಯುತ್ತದೆ, ಮಣ್ಣಿಗೂ ಬೆಳೆಗೂ ತಕ್ಕ ಸಲಕರಣೆಯ ಬಗ್ಗೆ ಸಲಹೆ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಿಗುತ್ತದೆ. ಆ ಒಂದು ವರ್ಷದ ಬಾಡಿಗೆ ಚೀಟಿಗಳನ್ನು ಕೂಡಿಟ್ಟು ಗಂಟೆಗಳ ಮೊತ್ತ ತೆಗೆದರೆ, ಯಾವ ಸಲಕರಣೆ ಹೆಚ್ಚು ದುಡಿಯಿತು ಎಂಬುದೂ ಅದಕ್ಕೆ ಎಷ್ಟು ಎಚ್‌ಪಿ ಸಾಕು ಎಂಬುದೂ ಕೊಳ್ಳುವ ಕುಟುಂಬಕ್ಕೇ ಗೊತ್ತಾಗುತ್ತದೆ. ಆಗ ಶೋರೂಮಿಗೆ ಹೋಗುವುದು ಸಲಹೆ ಕೇಳುವುದಕ್ಕಲ್ಲ, ತೀರ್ಮಾನಿಸಿದ ಮಾದರಿಗೆ ಬೆಲೆ ಕೇಳುವುದಕ್ಕೆ.